ನೀಲಿ ಎಲೆಗೆ ಮೈಲುತುತ್ತ ಬೇಡ

ಪ್ರಶ್ನೆ: ಚಿತ್ರದಲ್ಲಿ ಕಡುನೀಲಿಯಾಗಿ ಹೊಳೆಯುತ್ತಿದ್ದ ಮಲೇಷ್ಯಾದ ‘ನವಿಲು ಬಿಗೋನಿಯ’ವನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಬೆಂಗಳೂರಿನ ನಮ್ಮ ಬಾಲ್ಕನಿಯಲ್ಲಿ ಅದರ ಎಲೆ ಬರೀ ಹಸಿರು. ನೀಲಿ ಬಣ್ಣ ಬರಲು ಯಾವ ಗೊಬ್ಬರ ಹಾಕಬೇಕು?

ಉತ್ತರ: ಯಾವುದನ್ನೂ ಹಾಕಬಾರದು. ಹೈಡ್ರಾಂಜಿಯ ಹೂವನ್ನು ನೀಲಿ ಮಾಡುವ ಉಪಾಯವನ್ನು ನಂಬಿ ಒಬ್ಬರು ಪಟಿಕದ ನೀರು ಹನಿಸಿದ್ದಾರೆ; ಇನ್ನೊಬ್ಬರು ಅಡಿಕೆಗೆ ಬೋರ್ಡೊ ದ್ರಾವಣ ಮಾಡಿ ಮಿಕ್ಕಿದ್ದ ಮೈಲುತುತ್ತವನ್ನೇ ಕುಂಡಕ್ಕೆ ಸುರಿದು, ಬೇರುಗಳೆಲ್ಲ ಸುಟ್ಟ ಮೇಲೆ ನನಗೆ ಪತ್ರ ಬರೆದಿದ್ದಾರೆ. ನೀಲಿ ಪುಡಿಯಿಂದ ನೀಲಿ ಎಲೆ ಬರುವುದಾದರೆ ಅರಿಶಿನದಿಂದ ಹಳದಿ ಎಲೆ ಬರಬೇಕಿತ್ತು.

ಬಿಗೋನಿಯ ಪಾವೊನೈನ ಎಂಬ ಈ ಗಿಡದ ಎಲೆಯಲ್ಲಿ ನೀಲಿ ಬಣ್ಣದ ವಸ್ತುವೇ ಇಲ್ಲ. ನವಿಲುಗರಿಯಲ್ಲೂ ಇಲ್ಲ, ಲ್ಯಾಟಿನ್‌ನಲ್ಲಿ ನವಿಲಿಗಿರುವ ‘ಪಾವೊ’ ಎಂಬ ಹೆಸರೇ ಇದಕ್ಕೆ ಬಂದಿರುವುದು ಆ ಮಟ್ಟಿಗೆ ಒಪ್ಪುತ್ತದೆ. ಎಲೆಯ ಮೇಲ್ಪದರದ ಕೋಶಗಳಲ್ಲಿ ಐರಿಡೋಪ್ಲಾಸ್ಟ್ ಎಂಬ ವಿಶೇಷ ಕ್ಲೋರೊಪ್ಲಾಸ್ಟ್‌ಗಳಿದ್ದು (ಬೆಳಕಿನಿಂದ ಆಹಾರ ತಯಾರಿಸುವ ಹಸಿರು ಕಣಗಳು), ಅವುಗಳೊಳಗೆ ಬೆಳಕು ಹೀರುವ ಪೊರೆಗಳು ಮೂರು ನಾಲ್ಕರ ಕಟ್ಟುಗಳಾಗಿ, ಅಳೆದಿಟ್ಟಂತೆ ಸಮಾನ ಅಂತರದಲ್ಲಿ ಕೂತಿರುತ್ತವೆ. ಪದರದಿಂದ ಪದರಕ್ಕೆ ಪುಟಿದ ಬೆಳಕಿನಲ್ಲಿ ನೀಲಿಯ ಅಲೆಗಳು ಒಂದಕ್ಕೊಂದು ಬಲ ಕೊಟ್ಟು ನಮ್ಮ ಕಣ್ಣಿಗೆ ಬೀಳುತ್ತವೆ. ಈ ಗಿಡದ ತವರು ಮಲಯ ಪರ್ಯಾಯದ್ವೀಪದ ಬೆಟ್ಟದ ಕಾಡು. ಕ್ಯಾಮೆರಾನ್ ಹೈಲ್ಯಾಂಡ್ಸ್ ಅದರಲ್ಲಿ ಪ್ರಸಿದ್ಧ. ಅಲ್ಲಿ ಮೇಲಿನ ಮರಗಳು ಕೆಂಪು ಮತ್ತು ನೀಲಿ ಬೆಳಕನ್ನು ಬಹುಪಾಲು ಹೀರಿಕೊಂಡು, ಉಳಿದ ಹಸಿರನ್ನಷ್ಟೇ ನೆಲಕ್ಕೆ ಬಿಡುತ್ತವೆ. ತನಗೆ ಹೇಗೂ ಸಿಗದ ನೀಲಿಯನ್ನು ಹಿಂದಕ್ಕೆ ಕಳಿಸಿ, ಸಿಗುವ ಹಸಿರನ್ನು ಹೆಚ್ಚು ಹೀರುವುದು ಈ ಎಲೆಯ ಜಾಣತನ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಇದನ್ನು ವಿವರಿಸುವಾಗ, ಮಂದ ಬೆಳಕಿನಲ್ಲಿ ದ್ಯುತಿಸಂಶ್ಲೇಷಣೆಯ ದಕ್ಷತೆ ಶೇ 5ರಿಂದ 10ರಷ್ಟು ಹೆಚ್ಚುತ್ತದೆಂದು ತೋರಿಸಿದ್ದರು.

ಆದ್ದರಿಂದ ಮೊದಲು ಗಿಡವನ್ನು ಪರೀಕ್ಷಿಸಿ. ರಾತ್ರಿ ದೀಪ ಆರಿಸಿ, ಟಾರ್ಚನ್ನು ನಿಮ್ಮ ಕಣ್ಣಿನ ಪಕ್ಕದಲ್ಲೇ ಹಿಡಿದು, ಎಲೆಯನ್ನು ನಿಧಾನವಾಗಿ ಓರೆ ಮಾಡುತ್ತ ಹೋಗಿ. ನನ್ನಲ್ಲಿರುವ ಗಿಡ ಹಗಲಿನಲ್ಲಿ ಮಂಕು ಹಸಿರು. ಹೀಗೆ ನೋಡಿದರೆ ಯಾವುದೋ ಒಂದು ಕೋನದಲ್ಲಿ ಎಲೆಯ ಮೇಲೆಲ್ಲ ನೀಲಿ ಹರಡಿ, ಕೈ ಒಂದಿಷ್ಟು ಅಲುಗಿದರೆ ಮಾಯವಾಗುತ್ತದೆ. ಮಾರಾಟದ ಚಿತ್ರಗಳನ್ನು ಬಹುತೇಕ ಆ ಕೋನ ಹುಡುಕಿಯೇ ತೆಗೆದಿರುತ್ತಾರೆ. ಬಾಲ್ಕನಿಯ ಪ್ರಖರ ಬೆಳಕಿನಲ್ಲಿ ಬೆಳೆದ ಎಲೆಗಳಲ್ಲಿ ಈ ಹೊಳಪು ಕುಗ್ಗುತ್ತದೆ. ಹಾಗೆಂದು ಬೀರುವಿನೊಳಗೆ ಇಡಬೇಡಿ. ಮನೆಯೊಳಗೆ, ನೇರ ಬಿಸಿಲು ಬೀಳದ ಕಡೆ, ಮುಚ್ಚಳವಿರುವ ಗಾಜಿನ ಪೆಟ್ಟಿಗೆಯಲ್ಲಿಟ್ಟು ಹೊಸ ಎಲೆಗಾಗಿ ಕಾಯಿರಿ. ಬೆಂಗಳೂರಿನ ಏಪ್ರಿಲ್‌ನ ಒಣಗಾಳಿ ಇದಕ್ಕೆ ಆಗುವುದಿಲ್ಲ. ಇಷ್ಟು ಉಪಚಾರ ಸಾಧ್ಯವಿಲ್ಲದವರು ಇದನ್ನು ಕೊಳ್ಳದಿರುವುದೇ ವಾಸಿ ಎಂಬುದು ನನ್ನ ಕಟುವಾದ ಅಭಿಪ್ರಾಯ.

ಪ್ರಶ್ನೆ: ‘ನೀಲಿ ಬಿಗೋನಿಯ ಬೀಜ’ದ ಪೊಟ್ಟಣ ಕೊಂಡಿದ್ದೇನೆ, ಬೀಜ ಸಾಸಿವೆ ಗಾತ್ರಕ್ಕಿದೆ. ಅಸಲಿಯೇ?

ಉತ್ತರ: ಬಿಗೋನಿಯದ ಬೀಜ ನಶ್ಯದ ಪುಡಿಯಂತಿರುತ್ತದೆ, ಉಸಿರು ಬಿಟ್ಟರೆ ಹಾರಿಹೋಗುತ್ತದೆ. ನಿಮ್ಮದು ಬೇರೇನೋ.

ಪ್ರಶ್ನೆ: ಎಲೆಯ ಒಂದು ಮಗ್ಗುಲು ಚಿಕ್ಕದಾಗಿದೆ. ಯಾವ ರೋಗ?

ಉತ್ತರ: ರೋಗವಲ್ಲ, ಬಿಗೋನಿಯದ ಎಲೆ ಇರುವುದೇ ಹಾಗೆ.

ಪ್ರಶ್ನೆ: ಘಟ್ಟದ ಕಾಡುಬಿಗೋನಿಯದ ಹುಳಿ ಎಲೆಯನ್ನು ಅರೆದು ಕುಡಿದರೆ ಕಿಡ್ನಿ ಕಲ್ಲು ಕರಗುತ್ತದೆಂದು ಒಬ್ಬರು ಹೇಳಿದರು. ನಿಜವೇ?

ಉತ್ತರ: ಆ ಎಲೆಯಲ್ಲಿ ಆಕ್ಸಲಿಕ್ ಆಮ್ಲವಿದೆ, ಕಿಡ್ನಿಯ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟಿನವು. ಕಲ್ಲು ಕರಗಿಸಲು ಕಲ್ಲಿನ ಸಾಮಗ್ರಿಯನ್ನೇ ಕುಡಿಸುವ ಪಂಡಿತರ ಬಳಿ ಇನ್ನು ಹೋಗಬೇಡಿ, ವೈದ್ಯರನ್ನು ಕಾಣಿರಿ.

ಪ್ರಶ್ನೆ: ಆಗುಂಬೆಯ ತೊರೆಯ ಪಕ್ಕ ಮಲಬಾರಿಕ ಬಿಗೋನಿಯ ಕಂಡೆ. ಒಂದೇ ಒಂದು ಗಿಡ ಕಿತ್ತು ತರಬಹುದೇ?

ಉತ್ತರ: ಕೂಡದು.