ಲಸಿಕೆಗೆ ಮೊದಲು ಮಗುವನ್ನು ‘ಗಟ್ಟಿ’ ಮಾಡಬೇಕಾ?

(ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ಮಗುವಿಗೆ ಹತ್ತೂವರೆ ತಿಂಗಳು. 9 ತಿಂಗಳು ತುಂಬಿದಾಗ ಹಾಕಿಸಬೇಕಿದ್ದ ದಡಾರ ಲಸಿಕೆ ಇನ್ನೂ ಆಗಿರಲಿಲ್ಲ. ಮರೆತಿದ್ದಲ್ಲ. ಲಸಿಕೆ ಬೇಡ ಅನ್ನುವ ಮನೆಯೂ ಅಲ್ಲ. “ಮೊದಲು ಇವನಿಗೆ ಸ್ವಲ್ಪ ಶಕ್ತಿ ಬರಲಿ ಅಂತ ಕಾಯ್ತಿದ್ದೀನಿ ಮೇಡಂ” ಎಂದರು ತಾಯಿ.

ಹಿಂದಿನ ಲಸಿಕೆಯಾದ ರಾತ್ರಿ ಮಗುವಿಗೆ ಜ್ವರ ಬಂದಿತ್ತು. ಎರಡು ದಿನ ಹಾಲೂ ಸರಿಯಾಗಿ ಕುಡಿದಿರಲಿಲ್ಲ. “ಮಗು ಅಶಕ್ತ, ಅದಕ್ಕೇ ತಡ್ಕೊಳ್ಳೋಕೆ ಆಗ್ಲಿಲ್ಲ, ನಿನ್ನ ಹಾಲು ಸಾಕಾಗ್ತಿಲ್ಲ” ಎಂದು ಮನೆಯಲ್ಲಿ ಯಾರೋ ಹೇಳಿದ್ದರು. ಆ ಮಾತು ಅವರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಅಲ್ಲಿಂದ ಶುರುವಾಗಿದ್ದು ಡಬ್ಬಿಗಳ ಸಾಲು: ಹಾಲಿಗೆ ಬೆರೆಸುವ ಒಂದು ಪುಡಿ, ಎರಡು ಬಗೆಯ ಡ್ರಾಪ್ಸ್, ಜೇನು ಸೇರಿಸಿದ ಒಂದು ಸಿರಪ್. ಎಲ್ಲದರ ಮೇಲೂ ರೋಗನಿರೋಧಕ ಶಕ್ತಿಯ ಭರವಸೆ ಇತ್ತು.

ನಾನು ಮೊದಲು ಜ್ವರದ ಮಾತು ತೆಗೆದೆ, ಯಾಕೆಂದರೆ ಭಯ ಇದ್ದದ್ದು ಅಲ್ಲಿ. ಲಸಿಕೆಯ ನಂತರ ಬರುವ ಸಣ್ಣ ಜ್ವರ ಅಶಕ್ತಿಯ ಗುರುತಲ್ಲ. ದೇಹ ಲಸಿಕೆಯನ್ನು ಗಮನಿಸಿ ಕೆಲಸ ಶುರು ಮಾಡಿದಾಗ ಜ್ವರ ಬರಬಹುದು, ಬಾರದೆಯೂ ಇರಬಹುದು. ಚೆನ್ನಾಗಿ ತಿಂದುಂಡು ಬೆಳೆದ ಮಗುವಿಗೂ ಬರುತ್ತದೆ. “ನಿಮ್ಮ ಹಾಲು ಕಡಿಮೆಯಾಗಿ ಜ್ವರ ಬಂದಿದ್ದಲ್ಲ” ಎಂದಾಗ ಅವರು ಅತ್ತರು. ಅಳಲಿ ಎಂದು ಬಿಟ್ಟೆ. ಇಂಥ ತಾಯಂದಿರಿಗೆ ಪೋಷಕಾಂಶಗಳ ಪಾಠ ಆಮೇಲೆ ಹೇಳಬಹುದು, ತಪ್ಪು ಅವರದ್ದಲ್ಲ ಎಂದು ಮೊದಲು ಹೇಳಬೇಕು.

ಆಮೇಲೆ ಕಾಯುವುದರ ಅಪಾಯ ಹೇಳಿದೆ. ಗರ್ಭದಲ್ಲಿದ್ದಾಗ ತಾಯಿಯಿಂದ ಬಂದ ರಕ್ಷಣೆ ಈ ವಯಸ್ಸಿಗೆ ಬಹುಪಾಲು ಕರಗಿರುತ್ತದೆ. ದಡಾರ ಬಹಳ ಬೇಗ ಹರಡುತ್ತದೆ. ಅಷ್ಟೇ ಅಲ್ಲ, ಬೇರೆ ರೋಗಗಳ ವಿರುದ್ಧ ದೇಹ ಕಲಿತಿದ್ದ ನೆನಪನ್ನೂ ಅಳಿಸಬಲ್ಲದು. ತೂಕ ಕಡಿಮೆ ಇರುವ ಮಗುವಿಗೆ ದಡಾರ ಇನ್ನೂ ಹೆಚ್ಚು ಅಪಾಯ. ಹಾಗಾಗಿ ಅಶಕ್ತ ಎನಿಸಿದ ಮಗುವಿಗೇ ಲಸಿಕೆ ಮೊದಲು ಬೇಕು, ಅಲ್ವಾ? ಸಣ್ಣ ನೆಗಡಿ, ಕೆಮ್ಮು ಇದ್ದರೂ ಮುಂದೂಡುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಡಬ್ಬಿಗಳ ವಿಷಯದಲ್ಲಿ ನಾನು ಗಟ್ಟಿಯಾಗಿಯೇ ಮಾತಾಡಿದೆ. ಜೇನಿನ ಸಿರಪ್ ಅವತ್ತೇ ನಿಲ್ಲಿಸಲು ಹೇಳಿದೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ಯಾವ ರೂಪದಲ್ಲೂ ಬೇಡ. ಅದರಲ್ಲಿ ಬಾಟುಲಿಸಂ (ನರಗಳಿಗೆ ತಾಗಿ ಮೈಯನ್ನು ಸೋಲಿಸುವ ಅಪಾಯಕಾರಿ ಕಾಯಿಲೆ) ತರುವ ರೋಗಾಣುವಿನ ಬೀಜಕಗಳು ಇರಬಹುದು. ಪುಡಿಯಲ್ಲೂ ಎರಡೂ ಡ್ರಾಪ್ಸ್‌ಗಳಲ್ಲೂ ವಿಟಮಿನ್ ಡಿ ಇತ್ತು. ಈ ವಯಸ್ಸಿಗೆ ದಿನಕ್ಕೆ 400 ಐಯು (ವಿಟಮಿನ್ ಅಳೆಯುವ ಮಾನ) ಸಾಕು. ಇಲ್ಲಿ ಎಲ್ಲ ಸೇರಿ 1,200 ದಾಟುತ್ತಿತ್ತು. ಎ ಮತ್ತು ಡಿ ವಿಟಮಿನ್‌ಗಳು ಜಾಸ್ತಿಯಾದರೆ ಮೂತ್ರದಲ್ಲಿ ಸುಲಭವಾಗಿ ಹೊರಗೆ ಹೋಗುವುದಿಲ್ಲ, ದೇಹದಲ್ಲೇ ಉಳಿಯುತ್ತವೆ.

ನಿಜವಾದ ಕೊರತೆ ಬೇರೆ ಕಡೆ ಇತ್ತು. ಮಗು ಇಡೀ ದಿನ ಏನು ತಿನ್ನುತ್ತದೆ ಎಂದು ಕೇಳಿದೆ. ಬಾಟಲಿಯಲ್ಲಿ ಐದಾರು ಸಲ ಹಸುವಿನ ಹಾಲು, ನಡುವೆ ನಾಲ್ಕು ಚಮಚ ತೆಳ್ಳಗಿನ ಗಂಜಿ, ರಾತ್ರಿ ಎದೆಹಾಲು. ಹಾಲಿನಲ್ಲೇ ಹೊಟ್ಟೆ ತುಂಬಿದರೆ ಊಟಕ್ಕೆ ಜಾಗ ಎಲ್ಲಿ? ಹುಟ್ಟುವಾಗ ತಂದ ಕಬ್ಬಿಣದ ದಾಸ್ತಾನು ಸುಮಾರು 6 ತಿಂಗಳಿಗೆ ಖಾಲಿಯಾಗುತ್ತಾ ಬರುತ್ತದೆ, ಹಸುವಿನ ಹಾಲಿನಲ್ಲಿ ಕಬ್ಬಿಣ ತೀರಾ ಕಡಿಮೆ. ಮಕ್ಕಳ ವೈದ್ಯರ ಬಳಿ ಕಳಿಸಿದೆ. ಹಿಮೋಗ್ಲೋಬಿನ್ 9.8 ಬಂತು. ರಕ್ತಹೀನತೆ.

ಕೀನ್ಯಾದ ಮಕ್ಕಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಲಸಿಕೆಯ ಹೊತ್ತಿಗೆ ರಕ್ತಹೀನತೆ ಇದ್ದ ಮಕ್ಕಳಲ್ಲಿ ಕೆಲವು ಲಸಿಕೆಗಳಿಗೆ ಪ್ರತಿಕಾಯಗಳು (ರೋಗಾಣುವಿನ ವಿರುದ್ಧ ದೇಹ ತಯಾರಿಸುವ ರಕ್ಷಕ ಅಂಶಗಳು) ಕಡಿಮೆ ಬೆಳೆದಿದ್ದವು. ಇದನ್ನು ಕೇಳಿದ ಕೂಡಲೇ ತಾಯಿ “ಹಾಗಾದ್ರೆ ರಕ್ತ ಸರಿಯಾಗೋವರೆಗೂ ಕಾಯಲಾ?” ಎಂದರು. ಬೇಡ. ಕಬ್ಬಿಣದ ಕೊರತೆ ತುಂಬಲು ತಿಂಗಳುಗಟ್ಟಲೆ ಬೇಕು, ದಡಾರ ಅಷ್ಟು ದಿನ ಕಾಯುವುದಿಲ್ಲ. ಲಸಿಕೆಯೂ ಆಗಲಿ, ಚಿಕಿತ್ಸೆಯೂ ನಡೆಯಲಿ. ವೈದ್ಯರೂ ಅದನ್ನೇ ಹೇಳಿ, ಕಬ್ಬಿಣದ ಹನಿ ಬರೆದುಕೊಟ್ಟು ಅವತ್ತೇ ಲಸಿಕೆ ಹಾಕಿದರು.

ಊಟದ ಬಗ್ಗೆ ನಾನು ಹೇಳಿದ್ದು ಇಷ್ಟು. ಎದೆಹಾಲು ಮುಂದುವರಿಯಲಿ. ಬಾಟಲಿ ಕಡಿಮೆ ಮಾಡಿ. ದಿನಕ್ಕೆ 3-4 ಸಲ ಊಟ ಕೊಡಿ, ಚಮಚದಿಂದ ಸೋರಿಹೋಗದಷ್ಟು ಗಟ್ಟಿ ಇರಲಿ. ಅದರಲ್ಲಿ ಬೇಯಿಸಿ ಮಸೆದ ಬೇಳೆಕಾಳು, ಸೊಪ್ಪು, ಒಂದಿಷ್ಟು ಎಣ್ಣೆ ಅಥವಾ ತುಪ್ಪ ಇರಲಿ. ಮನೆಯಲ್ಲಿ ತಿನ್ನುವವರಾದರೆ ಮೊಟ್ಟೆ, ಮೀನು, ಮಾಂಸ. ಜೊತೆಗೆ ಕಿತ್ತಳೆಯಂಥ ಹುಳಿ ಹಣ್ಣು ಕೊಟ್ಟರೆ ಕಾಳು-ಸೊಪ್ಪಿನ ಕಬ್ಬಿಣ ಚೆನ್ನಾಗಿ ಒಳಗೆ ಹೋಗುತ್ತದೆ. ಇದು ಲಸಿಕೆಯ ವಾರದ ವಿಶೇಷ ಅಡುಗೆ ಅಲ್ಲ, ದಿನಾ ನಡೆಯಬೇಕಾದ ಊಟ. ಲಸಿಕೆಯ ಹಿಂದಿನ ದಿನ ಏನು ತಿನ್ನಿಸಿದರೂ ಒಂದೇ ರಾತ್ರಿಯಲ್ಲಿ ಶಕ್ತಿ ಬರುವುದಿಲ್ಲ.

ಚುಚ್ಚುವಾಗ ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ಎದೆಹಾಲು ಕುಡಿಸಲು ಹೇಳಿದ್ದೆ. ನೋವು ಕಡಿಮೆಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಸಲಹೆ ಮಾಡಿದೆ. ವೈದ್ಯರು ಹೇಳದ ಹೊರತು, ಜ್ವರ ಬರುವ ಮೊದಲೇ ಪ್ಯಾರಾಸಿಟಮಾಲ್ ಹಾಕಬೇಡಿ ಎಂದೆ. ಜ್ವರ ಬಂದು ಮಗು ಕಿರಿಕಿರಿ ಪಟ್ಟರೆ, ತೂಕ ನೋಡಿ ವೈದ್ಯರು ಬರೆದಷ್ಟೇ. ದಡಾರ ಲಸಿಕೆಯ ಜ್ವರ ಸಾಮಾನ್ಯವಾಗಿ ಒಂದು ವಾರ ಕಳೆದ ಮೇಲೆ ಬರುತ್ತದೆ ಎನ್ನುವುದನ್ನು ಒತ್ತಿ ಹೇಳಿದೆ. ಗೊತ್ತಿಲ್ಲದಿದ್ದರೆ ಆಗ ಮತ್ತೆ ಗಾಬರಿ.

ಬಂತು ಕೂಡ. ಎಂಟನೇ ದಿನ ಫೋನ್ ಮಾಡಿದರು. “ಊಟ ಬಿಟ್ಟಿದ್ದಾನೆ, ಎದೆಹಾಲು ಮಾತ್ರ ಕುಡೀತಿದ್ದಾನೆ.” ಒತ್ತಾಯ ಮಾಡಬೇಡಿ, ಹಾಲು ಪದೇ ಪದೇ ಕೊಡಿ, ಮೂತ್ರ ಸರಿಯಾಗಿ ಹೋಗುತ್ತಿದೆಯಾ ನೋಡಿ ಎಂದೆ. ಜ್ವರ ಇಳಿಯದೇ ಹೋದರೆ, ಮಗು ಹಾಲನ್ನೂ ಬಿಟ್ಟರೆ, ಫಿಟ್ಸ್ ಬಂದರೆ, ಉಸಿರಾಟ ಕಷ್ಟವಾದರೆ, ಎಬ್ಬಿಸಿದರೂ ಏಳದಷ್ಟು ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು ಎಂದು ಮತ್ತೊಮ್ಮೆ ನೆನಪಿಸಿದೆ. ಹಾಗೇನೂ ಆಗಲಿಲ್ಲ. ಹಸಿವು ಮರಳಿದ ಮೇಲೆ ಕೆಲವು ದಿನ ಒಂದು ಊಟ ಹೆಚ್ಚಿಗೆ ಕೊಟ್ಟರು. ಕಬ್ಬಿಣದ ಹನಿ ಇನ್ನೂ ನಡೆಯುತ್ತಿದೆ. ಮುಂದಿನ ಲಸಿಕೆಯ ತಾರೀಖನ್ನು ಈ ಸಲ ಅವರೇ ಕೇಳಿ ಬರೆದುಕೊಂಡಿದ್ದಾರೆ.