ಮಂಡಿ ಬಿಸಿ ಉಂಟಾ, ಮೊದ್ಲು ಕೈಯಿಟ್ಟು ನೋಡಿ

ಪ್ರಶ್ನೆ: ಅಕ್ಕ ನಮಸ್ತೆ. ನಾವಿರೋದು ಡೊಂಬಿವಲಿ ಈಸ್ಟಿನಲ್ಲಿ, ಊರು ಕುಂದಾಪುರದ ಹತ್ರ, ನಂಗೆ ವಯಸ್ಸು 49. ಆರು ವರ್ಷದಿಂದ ರುಮಟಾಯ್ಡ್ ಆರ್ಥ್ರೈಟಿಸ್ ಉಂಟು. ಮೊದ್ಲು ಬೆರಳು, ಮಣಿಕಟ್ಟು ಮಾತ್ರ ಇತ್ತು, ಈಗ ಒಂದು ವರ್ಷದಿಂದ ಎರಡೂ ಮಂಡಿಗೆ ಬಂದಿದೆ, ಬಲದ್ದು ಜಾಸ್ತಿ, ಊದ್ಕೊಂಡೇ ಇರ್ತದೆ. ಮನೆ ಮೂರನೇ ಮಾಳಿಗೆ, ಲಿಫ್ಟ್ ಇಲ್ಲ, ದಿನಾ ಕುರ್ಲಾಕ್ಕೆ ಕೆಲಸಕ್ಕೆ ಹೋಗ್ಬೇಕು. ಅತ್ತೆ ಬಿಸಿ ಎಣ್ಣೆ ಹಾಕಿ ತಿಕ್ಕು ಅಂತಾರೆ, ಪಕ್ಕದ ಮನೆಯವ್ರು ಕೂತ್ರೆ ಗಂಟು ಹಿಡ್ಕೊಳ್ತದೆ ನಡಿ ನಡಿ ಅಂತಾರೆ, ನಮ್ಮವ್ರು ಸುಮ್ನೆ ಮಲ್ಕೋ ಅಂತಾರೆ. ಯಾರ ಮಾತು ಕೇಳ್ಲಿ? ಆಪರೇಶನ್ ಮಾಡ್ಬೇಕಾಗ್ತದೇನೋ ಅಂತ ಹೆದರಿಕೆ.

ಉತ್ತರ: ತಂಗಿ, ಮೂರು ಜನ ಹೇಳಿದ್ರಲ್ಲೂ ಸ್ವಲ್ಪ ಸ್ವಲ್ಪ ಸರಿ ಉಂಟು, ಆದ್ರೆ ಬೇರೆ ಬೇರೆ ದಿನಕ್ಕೆ. ಇವತ್ತು ಯಾವ ದಿನ ಅಂತ ಗೊತ್ತು ಮಾಡ್ಕೊಳ್ಳೋದೇ ಕೆಲಸ. ನಂಗೂ ಇದೇ ಕಾಯಿಲೆ, 14 ವರ್ಷ ಆಯ್ತು, ನಾನು ಡಾಕ್ಟರಲ್ಲ, ಆದ್ರೆ ಮುಲುಂಡ್ ಸ್ಟೇಶನ್ನಿನ ಬ್ರಿಜ್ಜಿನ ಒಂದೊಂದು ಮೆಟ್ಲೂ ನನ್ನ ಮಂಡಿಗೆ ಗೊತ್ತು.

ಬೆಳಿಗ್ಗೆ ಹಾಸಿಗೆಯಿಂದ ಏಳೋ ಮೊದ್ಲು ಅಂಗೈ ತಿರುಗಿಸಿ ಕೈಯ ಹಿಂಬದಿಯನ್ನ ತೊಡೆ ಮೇಲೆ ಇಡಿ, ಆಮೇಲೆ ಮಂಡಿಚಿಪ್ಪಿನ ಮೇಲೆ, ಆಮೇಲೆ ಅದ್ರ ಕೆಳಗೆ. ಸರಿಯಿರೋ ಮಂಡಿಚಿಪ್ಪು ಮೇಲೆ ಕೆಳಗಿನ ಜಾಗಕ್ಕಿಂತ ಸ್ವಲ್ಪ ತಣ್ಣಗೇ ಇರ್ತದೆ. ಅದು ತೊಡೆಯಷ್ಟೇ ಬಿಸಿ ಅಥವಾ ಇನ್ನೂ ಬಿಸಿ ಅನ್ನಿಸಿದ್ರೆ ಒಳಗೆ ಉರಿ ಎದ್ದಿದೆ ಅಂತ. ನಮ್ಮ ಕಾಯಿಲೆಯಲ್ಲಿ ಮೈಯ ಕಾವಲೇ ದಾರಿ ತಪ್ಪಿ ಗಂಟಿನ ಒಳಪದರದ ಮೇಲೆ ಬೀಳೋದು, ಆ ಪದರ ದಪ್ಪ ಆಗಿ ನೀರು ಸುರಿಸ್ತದೆ, ಅದೇ ಊತ. ವಯಸ್ಸಾಗಿ ಬರೋ ಸವೆತ ಬೇರೆ ಕತೆ. ಸವೆತದ ಮಂಡಿ ಎದ್ದ ಮೇಲೆ ಅರ್ಧ ಗಂಟೆಯೊಳಗೆ ಬಿಟ್ಕೊಂಡು ಸಾಯಂಕಾಲ ಮೆಟ್ಲಲ್ಲಿ ನೋಯ್ತದೆ, ನಮ್ಮದು ಬೆಳಿಗ್ಗೆ ಒಂದು ಗಂಟೆ ಆದ್ರೂ ಮರದ ಕೊರಡಿನ ಹಾಗೇ ಇರ್ತದೆ. ತುಂಬಾ ವರ್ಷ ಉರಿ ಇದ್ರೆ ಸವೆತವೂ ಅದ್ರ ಮೇಲೆ ಬಂದು ಕೂರ್ತದೆ, ಆಗ ಎರಡೂ.

ಈಗ ಆ ಮೂರು ಜನರ ವಿಷ್ಯಕ್ಕೆ ಬರ್ತೇನೆ. ಮಂಡಿ ಬಿಸಿಯಾಗಿ ಊದಿರೋ ದಿನ ನಿಮ್ಮವ್ರ ಮಾತು ಕೇಳಿ. ಆವತ್ತು ಎಣ್ಣೆ ತಿಕ್ಕೋದು ಬೇಡವೇ ಬೇಡ, ಫ್ರೀಜರಿನಲ್ಲಿರೋ ಬಟಾಣಿ ಪ್ಯಾಕೆಟನ್ನ ತೆಳು ಟವೆಲಿನಲ್ಲಿ ಸುತ್ತಿ 10-15 ನಿಮಿಷ ಇಡಿ. ಹಾಗಂತ ಪೂರ್ತಿ ಮಲಗೋದೂ ಅಲ್ಲ, ಮಲಗಿದಲ್ಲೇ ಕಾಲನ್ನ ನಾಲ್ಕು ಸಲ ಮಡಚಿ ಬಿಡಿಸಿ. ಊತ ಬಿಸಿ ಇಲ್ಲದೆ ಬರೀ ಬಿಗಿತ ಇರೋ ಬೆಳಿಗ್ಗೆ ಅತ್ತೆ ಗೆದ್ರು ಅಂತ ಇಟ್ಕೊಳ್ಳಿ, ಬಿಸಿನೀರಿನ ಚೀಲವೋ ಬಿಸಿ ಸ್ನಾನವೋ, ಎಣ್ಣೆಯನ್ನೂ ಮೆಲ್ಲಗೆ ಸವರಬಹುದು. ಎರಡೂ ಇಲ್ಲದ ದಿನ ನಡೀರಿ, ಪಕ್ಕದ ಮನೆಯವ್ರನ್ನೂ ಕರ್ಕೊಂಡು ಹೋಗಿ.

ನಾನು ಮಾಡಿದ ಒಂದು ತಪ್ಪು ಹೇಳ್ತೇನೆ, ನೀವು ಮಾಡ್ಬೇಡಿ. ಊದಿದ ಮಂಡಿ ಸ್ವಲ್ಪ ಮಡಚಿಟ್ರೆ ಆರಾಮ ಅನ್ನಿಸ್ತದೆ, ಯಾಕಂದ್ರೆ ಒಳಗಿನ ನೀರಿಗೆ ಜಾಗ ಸಿಗ್ತದೆ. ಹಾಗಾಗಿ ರಾತ್ರಿ ಮಂಡಿ ಕೆಳಗೆ ತಲೆದಿಂಬು ಇಟ್ಕೊಂಡು ಮಲಗ್ತಿದ್ದೆ, ಒಂದು ಮಳೆಗಾಲ ಪೂರ್ತಿ. ಆಮೇಲೆ ನೋಡಿದ್ರೆ ಕಾಲು ನೆಟ್ಟಗೇ ಆಗ್ತಿಲ್ಲ ಮಾರಾಯ್ರೆ, ನಿಂತ್ರೆ ಮಂಡಿ ಬಗ್ಗಿದ ಹಾಗೇ, ಆ ಕಡೆಗೆ ಕುಂಟೋದು ಬೇರೆ. ಅದನ್ನ ನೇರ ಮಾಡ್ಲಿಕ್ಕೆ ಫಿಸಿಯೋ ಹುಡುಗಿ ಹತ್ರ ನಾಲ್ಕು ತಿಂಗಳು ಹೋಗ್ಬೇಕಾಯ್ತು. ದಿಂಬು ಇಡೋದಾದ್ರೆ ಹಿಮ್ಮಡಿ ಕೆಳಗೆ ಸ್ವಲ್ಪ ಹೊತ್ತು ಇಡಿ, ಮಂಡಿ ಕೆಳಗೆ ಮಾತ್ರ ಬೇಡ.

ಅವಳು ಕಲಿಸಿದ ವ್ಯಾಯಾಮ ಇವತ್ತಿಗೂ ಮಾಡ್ತೇನೆ. ಕಾಲು ಚಾಚಿ ಕೂತು ಮಂಡಿ ಕೆಳಗೆ ಟವೆಲಿನ ಸುರುಳಿ ಇಡೋದು, ಮಂಡಿಯಿಂದ ಅದನ್ನ ಕೆಳಗೆ ಒತ್ತೋದು, ಐದು ಎಣಿಸೋದು, ಬಿಡೋದು. 10 ಸಲ, ದಿನಕ್ಕೆ ಎರಡು ಹೊತ್ತು. ತೊಡೆಯ ಮುಂದಿನ ಮಾಂಸಖಂಡ ಗಟ್ಟಿ ಇದ್ರೆ ಮಂಡಿ ಮೇಲಿನ ಭಾರ ಅದೇ ಹೊತ್ಕೊಳ್ತದೆ. ನೋವಿದೆ ಅಂತ ಸುಮ್ನೆ ಬಿಟ್ರೆ ಆ ಮಾಂಸವೇ ಮೊದ್ಲು ಕರಗೋದು.

ಮೆಟ್ಲು ಹತ್ತುವಾಗ ಒಳ್ಳೇ ಕಾಲು ಮೊದ್ಲು, ಇಳಿಯುವಾಗ ನೋವಿರೋ ಕಾಲು ಮೊದ್ಲು. ಬಲಮಂಡಿ ಜಾಸ್ತಿ ಅಂದ್ರಲ್ಲ, ಕೋಲು ಎಡಗೈಯಲ್ಲಿ ಹಿಡೀರಿ, ಮಣಿಕಟ್ಟೂ ನೋಯೋದ್ರಿಂದ ಹಿಡಿ ದಪ್ಪ ಇರೋದೇ ತಗೊಳ್ಳಿ. ಕೋಲು ಹಿಡೀಲಿಕ್ಕೆ ನಾಚಿಕೆ ಅಂತ ನಾನೂ ಎರಡು ವರ್ಷ ಕೊಡೆ ಊರ್ಕೊಂಡು ಓಡಾಡಿದೆ, ಜೂನಿನಲ್ಲಿ ಪರ್ವಾಗಿಲ್ಲ, ಮಾರ್ಚಿನಲ್ಲಿ ಜನ ನೋಡ್ತಾರೆ. ನೆಲದಲ್ಲಿ ಕೂತು ತೆಂಗಿನಕಾಯಿ ತುರಿಯೋದು ಬಿಟ್ಬಿಡಿ, ಓಟಾಕ್ಕೆ, ಅಂದ್ರೆ ಅಡುಗೆಕಟ್ಟೆಗೆ, ಹಿಡ್ಕೊಳ್ಳೋ ಹಿಡಿಕೆ ತಿರುಗಿಸೋ ತುರಿಮಣೆ ಸಿಗ್ತದೆ. ಇಂಡಿಯನ್ ಟಾಯ್ಲೆಟ್ ಇದ್ರೆ ಮೇಲಿಡೋ ಕಮೋಡ್ ಕುರ್ಚಿ ಇವತ್ತೇ ತರಿಸಿ.

ಆದ್ರೆ ಇದೆಲ್ಲ ಮೇಲಿನ ಉಪಚಾರ ಅಷ್ಟೇ. ಒಂದು ವರ್ಷದಿಂದ ಊತ ಇಳೀಲಿಲ್ಲ ಅಂದ್ರೆ ಕಾಯಿಲೆ ಕೈಗೆ ಸಿಕ್ಕಿಲ್ಲ ಅಂತ ಅರ್ಥ, ನೋವಿನ ಮಾತ್ರೆ ನುಂಗಿ ದಿನ ದೂಡೋದು ಸರಿಯಲ್ಲ, ಕಿಡ್ನಿಗೂ ಹೊಟ್ಟೆಗೂ ಅದು ಬೇರೆ ಪೆಟ್ಟು. ರುಮಟಾಲಜಿ ಡಾಕ್ಟರಿಗೆ ಇದನ್ನೇ ಹೇಳಿ, ಔಷಧ ಹೆಚ್ಚಿಸೋದೋ ಬದಲಾಯಿಸೋದೋ ಅವರು ನೋಡ್ತಾರೆ, ಬೇಕಾದ್ರೆ ಮಂಡಿಯ ನೀರು ತೆಗೆದು ಅಲ್ಲೇ ಸ್ಟೆರಾಯ್ಡ್ ಇಂಜೆಕ್ಷನ್ ಕೊಡ್ತಾರೆ. ಆಪರೇಶನ್ ಮಾತು ಒಳಗಿನ ಮೃದು ಎಲುಬು ಪೂರ್ತಿ ಹೋಗಿ ರಾತ್ರಿ ನಿದ್ದೆಯೂ ಇಲ್ಲ ಅನ್ನೋ ಕಾಲಕ್ಕೆ. ಯಾವತ್ತಾದ್ರೂ ಬಂದ್ರೆ ನಿಮ್ಗೆ ಈ ಕಾಯಿಲೆ ಉಂಟು ಅಂತ ಅನೆಸ್ತೇಶಿಯಾದವ್ರಿಗೆ ಮೊದ್ಲೇ ಹೇಳಿ, ಇದು ಕುತ್ತಿಗೆಯ ಗಂಟಿಗೂ ಬಂದಿರಬಹುದು, ಅವರು ಅದನ್ನೂ ನೋಡ್ಬೇಕಾಗ್ತದೆ.

ಎರಡು ವಿಷ್ಯಕ್ಕೆ ಮಾತ್ರ ಅಪಾಯಿಂಟ್‌ಮೆಂಟ್ ಕಾಯ್ಬೇಡಿ. ಒಂದೇ ಮಂಡಿ ಏಕಾಏಕಿ ಕೆಂಪಾಗಿ, ಮುಟ್ಲಿಕ್ಕೂ ಬಿಡದೆ, ಜ್ವರವೂ ಬಂದ್ರೆ ಗಂಟಿನೊಳಗೆ ಕೀವು ಆಗಿರಬಹುದು, ಆವತ್ತೇ ಆಸ್ಪತ್ರೆಗೆ ಹೋಗಿ. ಮೀನಖಂಡ ಊದಿ ಬಿಗಿದ್ರೂ ಹಾಗೇ, ಮಂಡಿ ಹಿಂದಿನ ನೀರುಗುಳ್ಳೆ ಒಡೆದಿರಬಹುದು, ರಕ್ತ ಹೆಪ್ಪುಗಟ್ಟಿರಲೂಬಹುದು, ಸೋನೋಗ್ರಫಿ ಮಾಡದೆ ಗೊತ್ತಾಗೋದಿಲ್ಲ. ಮತ್ತೆ ಲೋಕಲ್ ರೈಲಿನ ಡಬ್ಬದಲ್ಲಿ ಅಂಟಿಸಿರೋ ಗಂಟುನೋವಿನ ಪುಡಿಯ ಜಾಹೀರಾತಿಗೆ ಫೋನ್ ಮಾಡ್ಬೇಡಿ. ಅಂಥ ಹೆಸರಿಲ್ಲದ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆಸಿ ಕೊಡೋದುಂಟು, ಮೂರು ದಿನದಲ್ಲಿ ನೋವು ಮಾಯ, ಆಮೇಲೆ ಸಕ್ಕರೆ ಏರೋದು, ಎಲುಬು ಟೊಳ್ಳಾಗೋದು.

ಪ್ರಶ್ನೆ: ಅಮ್ಮನಿಗೆ 66, ಇದೇ ಕಾಯಿಲೆ, ಮೆಥೋಟ್ರೆಕ್ಸೇಟ್ ಮತ್ತು ಸಣ್ಣ ಡೋಸಿನ ಸ್ಟೆರಾಯ್ಡ್ ತಗೊಳ್ತಾರೆ. ಮಳೆಗಾಲದಲ್ಲಿ ಜ್ವರ ಬಂದ್ರೆ ಮಾತ್ರೆ ನಿಲ್ಲಿಸ್ಬೇಕಾ? ನಾವು ಘಾಟ್ಕೋಪರ್‌ನಲ್ಲಿರೋದು, ನೀರು ತುಂಬೋ ಜಾಗ.

ಉತ್ತರ: ಜ್ವರ ಜೋರಿದ್ರೆ ಅಥವಾ ಆಂಟಿಬಯೋಟಿಕ್ ಶುರು ಮಾಡಿದ್ರೆ ಮೆಥೋಟ್ರೆಕ್ಸೇಟನ್ನ ಸಾಮಾನ್ಯವಾಗಿ ಸ್ವಲ್ಪ ತಡೀತಾರೆ, ಆದ್ರೆ ಡಾಕ್ಟರಿಗೆ ಫೋನ್ ಮಾಡಿ ಕೇಳಿಯೇ. ಸ್ಟೆರಾಯ್ಡ್ ಮಾತ್ರ ಏಕ್‌ದಮ್ ನಿಲ್ಲಿಸ್ಬಾರ್ದು, ಮೈ ಅದಕ್ಕೆ ಒಗ್ಗಿರ್ತದೆ, ನಿಲ್ಲಿಸಿದ್ರೆ ಕುಸಿದು ಬೀಳಬಹುದು. ಕೊಳಚೆ ನೀರಿನಲ್ಲಿ ನಡೆದು ಬಂದಿದ್ರೆ ಅದನ್ನ ಡಾಕ್ಟರಿಗೆ ಮೊದ್ಲೇ ಹೇಳಿ, ಲೆಪ್ಟೊ, ಅಂದ್ರೆ ಇಲಿಜ್ವರ, ಇರಬಹುದು. ಗಲ್ಲಿಯ ಡಾಕ್ಟರು ಬೇರೆ ಏನಾದ್ರೂ ಬರೆದು ಕೊಟ್ರೆ ಮೆಥೋಟ್ರೆಕ್ಸೇಟ್ ಹೆಸರು ಬಾಯಿಬಿಟ್ಟು ಹೇಳಿ, ಕೋಟ್ರೈಮೋಕ್ಸಜೋಲ್ ಅನ್ನೋ ಆಂಟಿಬಯೋಟಿಕ್ ಇದ್ರ ಜೊತೆ ಸೇರಿದ್ರೆ ರಕ್ತದ ಕಣಗಳು ಅಪಾಯದ ಮಟ್ಟಕ್ಕೆ ಇಳೀಬಹುದು.

ನೀವು ಕೇಳದಿದ್ರೂ ಒಂದು ಹೇಳ್ತೇನೆ, ಮೆಥೋಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನ. ದಿನಾ ನುಂಗಿ ಬಾಯೆಲ್ಲ ಹುಣ್ಣಾಗಿ ಆಸ್ಪತ್ರೆ ಸೇರಿದವ್ರನ್ನ ನಾನೇ ನೋಡಿದ್ದೇನೆ. ಸ್ಟ್ರಿಪ್ಪಿನ ಮೇಲೆ ಮಾರ್ಕರಿನಿಂದ ದಪ್ಪಗೆ ಗುರುವಾರ ಅಂತ ಬರೆದಿಡಿ, ಅದ್ರ ಜೊತೆ ಕೊಡೋ ಫೋಲಿಕ್ ಆಸಿಡ್ ವಿಟಮಿನ್ ಮಾತ್ರೆ ಬೇರೆ ಡಬ್ಬಿಯಲ್ಲಿಡಿ. ಲಿವರ್ ಮತ್ತು ರಕ್ತದ ಟೆಸ್ಟು ಡಾಕ್ಟರು ಹೇಳಿದ ಹೊತ್ತಿಗೆ ಆಗ್ಲೇಬೇಕು, ನೋವಿಲ್ಲ ಅಂತ ತಪ್ಪಿಸ್ಬೇಡಿ.

ಪ್ರಶ್ನೆ: ಬದನೆ, ಟೊಮೆಟೊ, ಮೊಸರು ಬಿಟ್ರೆ ಮಂಡಿ ನೋವು ಕಮ್ಮಿ ಆಗ್ತದಾ? ಎಲ್ಲಾ ಬಿಟ್ಟು ಈಗ ಬರೀ ಗಂಜಿ ಉಣ್ತಿದ್ದೇನೆ.

ಉತ್ತರ: ಎಲ್ರಿಗೂ ಅನ್ವಯಿಸೋ ಹಾಗೆ ಅದಕ್ಕೆ ಆಧಾರ ಇಲ್ಲ, ಗಂಜಿ ಬಿಡಿ. ನಿಮ್ಗೇ ಯಾವುದೋ ಒಂದು ತಿಂದಾಗಲೆಲ್ಲಾ ನೋವು ಏರೋದು ಖಂಡಿತ ಅನ್ನಿಸಿದ್ರೆ ಅದೊಂದನ್ನೇ ಬಿಡಿ. ಭಾರ ಜಾಸ್ತಿ ಇದ್ರೆ ಅದನ್ನ ಇಳಿಸಿ, ಮೈಯಿಂದ ಒಂದು ಕಿಲೋ ಹೋದ್ರೆ ಒಂದೊಂದು ಹೆಜ್ಜೆಗೂ ಮಂಡಿ ಮೇಲಿಂದ ಸುಮಾರು ನಾಲ್ಕು ಕಿಲೋ ಭಾರ ಇಳೀತದೆ. ಮೀನು ತಿನ್ನೋರಾದ್ರೆ ಬಂಗುಡೆ, ಭೂತಾಯಿ ಒಳ್ಳೇದು, ಅದ್ರ ಕೊಬ್ಬು ಉರಿಗೆ ಸ್ವಲ್ಪ ತಂಪು. ರವೆ ಹಾಕಿ ಕರಿಯೋದಲ್ಲ ಮತ್ತೆ, ಪುಳಿಮುಂಚಿ ಮಾಡಿ.