ಸಂಪಾದಕರ ಉತ್ತರ: ಗುದ್ದು ತಿಂದರೆ ತಲೆ ಗಟ್ಟಿಯಾಗಲ್ಲ, ಮೇಷ್ಟ್ರೇ

ಚಿಂತಾಮಣಿಯ ನಿವೃತ್ತ ಪಿ.ಟಿ. ಮೇಷ್ಟ್ರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರ ಮೊಮ್ಮಗ ಡಿಗ್ರಿ ಓದುತ್ತಾ ಎಂಎಂಎ, ಅಂದರೆ ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಕಲಿಯುತ್ತಿದ್ದಾನೆ. ಮುಂದಿನ ತಿಂಗಳು ಅವನ ಮೊದಲ ಪಂದ್ಯ. ಮೇಷ್ಟ್ರಿಗೆ ಆಟದ ಬಗ್ಗೆ ತಕರಾರಿಲ್ಲ, ತರಬೇತಿಯ ಬಗ್ಗೆ ಇದೆ. ಅವರ ಮಾತಲ್ಲೇ ಕೇಳಿ: "ಕೋಚ್ ಬೆಳಿಗ್ಗೆ ಇವನ ವಾಚ್ ನೋಡಿ ಇವತ್ತು ರೆಸ್ಟ್ ತಗೋ ಅನ್ನುತ್ತಾನೆ. ಹುಡುಗರು ಜೋರಾಗಿ ಹೊಡೆದಾಡಿದರೆ ಬೈಯುತ್ತಾನೆ. ಪಂದ್ಯ ಹತ್ತಿರ ಬಂದರೆ ಮುದ್ದೆ ಬಿಡಬೇಕಂತೆ. ನಮ್ಮ ಗರಡಿಯಲ್ಲಿ ವಸ್ತಾದರ ಕಣ್ಣೇ ಮೀಟರ್ ಆಗಿತ್ತು. ಈ ವಿಜ್ಞಾನ ಹುಡುಗರನ್ನು ಮೆತ್ತಗೆ ಮಾಡುತ್ತಿಲ್ಲವೇ? ಇವನನ್ನು ಅಲ್ಲಿಂದ ಬಿಡಿಸಲೇ?"

ಮೇಷ್ಟ್ರೇ, ಇಷ್ಟು ಬಿಡಿಸಿ, ಇಷ್ಟು ಕಾಳಜಿಯಿಂದ ಬರೆಯುವವರು ಈಗ ಕಡಿಮೆ. ಜೀವಮಾನವೆಲ್ಲ ಮಕ್ಕಳ ಜೊತೆ ಮೈದಾನದಲ್ಲಿ ಕಳೆದವರ ಸಿಟ್ಟು ನಿಮ್ಮದು. ಅದಕ್ಕೇ ಈ ಉದ್ದ ಉತ್ತರ.

ಗರಡಿಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. 1910ರಲ್ಲಿ ಗಾಮಾ ಪೈಲ್ವಾನ್ ಲಂಡನ್ನಿಗೆ ಹೋಗಿ ಪೋಲೆಂಡಿನ ಕುಸ್ತಿಪಟು ಜ್ಬಿಸ್ಕೊನಂಥ ದೈತ್ಯನ ಜೊತೆ ಎರಡೂವರೆ ಗಂಟೆ ಸೆಣಸಿದರು. ಅವರ ಬೆನ್ನಿಗಿದ್ದದ್ದು ದಂಡ, ಬಸ್ಕಿ ಮತ್ತು ಕೆಮ್ಮಣ್ಣು. ನಮ್ಮ ಗದೆಯನ್ನು ಇವತ್ತು ಪರದೇಶದ ಜಿಮ್‌ಗಳಲ್ಲೂ ತಿರುಗಿಸುತ್ತಾರೆ. ಇದೆಲ್ಲ ನಿಜ.

ಆದರೆ ಒಂದು ಮಾತು ಯೋಚನೆ ಮಾಡಿ. ಗರಡಿಯ ಗೋಡೆ ಮೇಲೆ ಗೆದ್ದವರ ಫೋಟೋ ಇರುತ್ತೆ. ಮಂಡಿ ಹೋಗಿ, ಬೆನ್ನು ಹೋಗಿ ಇಪ್ಪತ್ತೆರಡಕ್ಕೇ ಬಿಟ್ಟು ಮನೆ ಸೇರಿದವರ ಫೋಟೋ ಯಾರೂ ಹಾಕುವುದಿಲ್ಲ. ವಸ್ತಾದರ ಕಣ್ಣು ಚುರುಕೇ. ಅದಕ್ಕೆ ಕಾಣುತ್ತಿದ್ದದ್ದು ಮಾತ್ರ ಉಳಿದುಕೊಂಡವರು. ತಡೆದುಕೊಂಡವನು ಪೈಲ್ವಾನ್, ತಡೆದುಕೊಳ್ಳದವನಿಗೆ ಯೋಗ್ಯತೆ ಇರಲಿಲ್ಲ. ಈ ಲೆಕ್ಕದಲ್ಲಿ ಗುರು ಯಾವತ್ತೂ ತಪ್ಪಾಗುವುದಿಲ್ಲ. ತಪ್ಪಾಗದ ಗುರುವಿನ ಕೈಗೆ ಹತ್ತೊಂಬತ್ತು ವರ್ಷದ ಹುಡುಗನ ತಲೆ ಕೊಡುವುದು ನನಗೆ ಭಯದ ಸಂಗತಿ.

ತಲೆ ಅಂದೆನಲ್ಲ, ಅಲ್ಲಿಂದಲೇ ಶುರು ಮಾಡೋಣ. ದಂಡ ಹೊಡೆದರೆ ಸ್ನಾಯು ಸವೆದು ಮತ್ತೆ ಬೆಳೆಯುತ್ತೆ. ಭಾರ ಬಿದ್ದಷ್ಟೂ ಮೂಳೆ ಗಟ್ಟಿಯಾಗುತ್ತೆ. ಮಿದುಳಿಗೆ ಆ ಭಾಗ್ಯ ಇಲ್ಲ. ಅದು ಬುರುಡೆಯೊಳಗೆ ದ್ರವದಲ್ಲಿ ತೇಲುತ್ತಿರುತ್ತೆ. ದವಡೆಗೆ ಗುದ್ದು ಬಿದ್ದು ತಲೆ ಗಿರ್ರನೆ ತಿರುಗಿದಾಗ ಒಳಗಿನ ಎಳೆಗಳು ಜಗ್ಗುತ್ತವೆ. 1928ರಲ್ಲೇ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ಅಮೆರಿಕದ ವೈದ್ಯರು ಇದನ್ನು ಬರೆದರು. ಬಾಕ್ಸಿಂಗ್ ಬಿಟ್ಟ ಎಷ್ಟೋ ವರ್ಷದ ಮೇಲೆ ಕಾಲು ಎಳೆದುಕೊಂಡು ನಡೆಯುವವರನ್ನು, ಮಾತು ತೊದಲುವವರನ್ನು ಅವರು ಗಮನಿಸಿದ್ದರು. ಈಗ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು 2011ರಿಂದ ಬಾಕ್ಸರ್‌ಗಳ ಮತ್ತು ಎಂಎಂಎ ಫೈಟರ್‌ಗಳ ಮಿದುಳನ್ನು ವರ್ಷವರ್ಷ ಸ್ಕ್ಯಾನ್ ಮಾಡಿ ನೋಡುತ್ತಾ ಬಂದಿದ್ದಾರೆ. ಎಚ್ಚರ ತಪ್ಪಿಸುವ ಒಂದು ದೊಡ್ಡ ಪೆಟ್ಟಷ್ಟೇ ಅಪಾಯ ಅಲ್ಲ. ಲೆಕ್ಕಕ್ಕೇ ಸಿಗದ ಸಣ್ಣ ಪೆಟ್ಟುಗಳೂ ಸೇರುತ್ತಾ ಹೋಗುತ್ತವೆ. ಆ ಸಣ್ಣ ಪೆಟ್ಟುಗಳು ಎಲ್ಲಿ ಬೀಳುತ್ತವೆ ಹೇಳಿ? ಪಂದ್ಯ ವರ್ಷಕ್ಕೆ ಎರಡೋ ಮೂರೋ. ಸ್ಪಾರಿಂಗ್, ಅಂದರೆ ಜಿಮ್‌ನಲ್ಲಿ ಜೊತೆಯವರೊಡನೆ ಅಭ್ಯಾಸಕ್ಕೆ ಹೊಡೆದಾಡುವುದು, ವಾರವಾರವೂ.

ಅದಕ್ಕೇ ಮೊಮ್ಮಗನ ಕೋಚ್ ಬೈಯುವುದು. ನೀವು ಅದನ್ನು ಮೆತ್ತಗಾಗುವುದು ಅಂದುಕೊಂಡಿದ್ದೀರಿ. ಹವಾಯಿಯ ಮ್ಯಾಕ್ಸ್ ಹಾಲೊವೇ ಯುಎಫ್‌ಸಿ ಎಂಬ ಅಮೆರಿಕದ ದೊಡ್ಡ ಎಂಎಂಎ ಸಂಸ್ಥೆಯ ಚಾಂಪಿಯನ್ ಆಗಿದ್ದವರು. ತರಬೇತಿಯಲ್ಲಿ ಸ್ಪಾರಿಂಗ್ ಮಾಡುವುದನ್ನೇ ಬಿಟ್ಟೆ ಎಂದು ಅವರು ಹೇಳಿದ್ದರು. 2021ರ ಜನವರಿಯಲ್ಲಿ ಅಬುಧಾಬಿಯಲ್ಲಿ ಕೆಲ್ವಿನ್ ಕೇಟರ್ ಎದುರು ಐದು ಸುತ್ತು, 25 ನಿಮಿಷ ಆಡಿದರು. ಲೆಕ್ಕಕ್ಕೆ ಸಿಕ್ಕ ಬಲವಾದ ಹೊಡೆತಗಳೇ 445. ಅಷ್ಟು ಹೊಡೆತ ಯುಎಫ್‌ಸಿಯ ಒಂದೇ ಪಂದ್ಯದಲ್ಲಿ ಅಲ್ಲಿಯವರೆಗೆ ಯಾರೂ ಹಾಕಿರಲಿಲ್ಲ. ಎಲ್ಲರೂ ಹಾಲೊವೇ ಥರ ಬಿಟ್ಟೇಬಿಡಬೇಕು ಅಂತಲ್ಲ. ಹೊಸ ಹುಡುಗನಿಗೆ ಎದುರಾಳಿಯ ದೂರ, ಸಮಯ ತಿಳಿಯಲು ಸ್ಪಾರಿಂಗ್ ಬೇಕು. ಹಗುರವಾಗಿ ಮುಟ್ಟುತ್ತಾ ಆಡಿದರೂ ಅದು ತಿಳಿಯುತ್ತೆ. ಹಲ್ಲು ಉದುರಿಸಿಕೊಳ್ಳಬೇಕಿಲ್ಲ.

ಇನ್ನು ಆ ವಾಚ್. ಹೃದಯದ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಇರುವ ಸಣ್ಣ ಹೆಚ್ಚುಕಡಿಮೆಯನ್ನು ಅದು ಹಿಡಿಯುತ್ತೆ. ದೇಹ ಸುಧಾರಿಸಿಕೊಂಡಿದ್ದರೆ ಆ ಹೆಚ್ಚುಕಡಿಮೆ ಸಾಮಾನ್ಯವಾಗಿ ಜಾಸ್ತಿ, ಬಳಲಿದ್ದರೆ ಕಡಿಮೆ. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಳಗೆ ನೀರೆಷ್ಟಿದೆ ಅಂತ ನೋಡದೆ ಹಗಲೂ ರಾತ್ರಿ ಪಂಪ್ ಓಡಿಸಿ, ಒಂದು ದಿನ ಬರೀ ಗಾಳಿ ಬಂದದ್ದನ್ನು ಕಂಡವರು ನಾವು. ಹುಡುಗನ ಮೈ ಕೂಡ ಹಾಗೆಯೇ.

ವಾಚ್ ಇಲ್ಲದವರಿಗೂ ದಾರಿ ಇದೆ. ನಮ್ಮ ಊರಿನ ಒಂದು ಸಣ್ಣ ಜಿಮ್‌ಗೆ ನಾನು ಆಗಾಗ ಹೋಗಿ ಕೂರುತ್ತೇನೆ. ತಗಡಿನ ಶೀಟಿನ ಕೆಳಗೆ ಹಳೆ ಮ್ಯಾಟ್ ಹಾಸಿದ ಜಾಗ. ಬಾಗಿಲ ಪಕ್ಕದ ಗೋಡೆ ತುಂಬ ಸೀಮೆಸುಣ್ಣದ ಬೆರಳ ಗುರುತು. ಹುಡುಗರು ಬಂದವರೇ ಬೆರಳಿಗೆ ಸುಣ್ಣ ಹಚ್ಚಿಕೊಂಡು ನಿಂತ ಜಾಗದಿಂದ ಎಗರಿ ಗೋಡೆ ಮುಟ್ಟುತ್ತಾರೆ. ಕೋಚ್ ಟೇಪು ಹಿಡಿದು ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ದಿನಾ ಮುಟ್ಟುವ ಎತ್ತರಕ್ಕಿಂತ ಚೆನ್ನಾಗಿ ಕೆಳಗೆ ಬಂತು ಅಂದರೆ ಕಾಲಿನ ದಣಿವು ಇಳಿದಿಲ್ಲ. ಅವತ್ತು ಅವನಿಗೆ ಪಟ್ಟು ಮಾತ್ರ, ಭಾರ ಎತ್ತುವುದಿಲ್ಲ. ಅಭ್ಯಾಸ ಮುಗಿದ ಮೇಲೆ ಇನ್ನೊಂದು ಲೆಕ್ಕ. ಇವತ್ತು ಎಷ್ಟು ಕಷ್ಟ ಆಯಿತು, ಹತ್ತಕ್ಕೆ ಎಷ್ಟು ಅಂಕ? ಹುಡುಗ ಏಳು ಅಂದ. ಅರವತ್ತು ನಿಮಿಷ ಆಡಿದ್ದ. ಗುಣಿಸಿ 420 ಅಂತ ಬರೆದರು. ವಾರದ ಮೊತ್ತ ಹಠಾತ್ತನೆ ಏರಿದರೆ ಕೋಚ್‌ಗೆ ಎಚ್ಚರಿಕೆ. ಯುಎಫ್‌ಸಿಯವರು 2017ರಲ್ಲಿ ಲಾಸ್ ವೇಗಸ್‌ನಲ್ಲಿ, 2019ರಲ್ಲಿ ಶಾಂಘೈನಲ್ಲಿ ದೊಡ್ಡ ದೊಡ್ಡ ತರಬೇತಿ ಕೇಂದ್ರ ಕಟ್ಟಿದರು. ಅಲ್ಲಿ ಯಂತ್ರಗಳು ಬೇಕಾದಷ್ಟಿವೆ. ಅಲ್ಲಿ ಕೇಳುವ ಪ್ರಶ್ನೆಯನ್ನೇ ಇಲ್ಲಿ ಸೀಮೆಸುಣ್ಣದಲ್ಲಿ ಕೇಳುತ್ತಿದ್ದಾರೆ. ನನಗೆ ಎಷ್ಟು ಹೆಮ್ಮೆ ಅನ್ನಿಸಿತು ಗೊತ್ತಾ?

ಮುದ್ದೆಯ ವಿಷಯ. ನೀವು ಅರ್ಧ ಪುಟ ಬರೆದಿದ್ದೀರಿ, ನನಗೂ ಮುದ್ದೆ ಪ್ರಾಣ. ಆದರೆ ಕೋಚ್ ಹೇಳಿದ್ದು ಸರಿ. ತೂಕ ನೋಡುವ ದಿನಕ್ಕೆ ಎರಡು ಮೂರು ದಿನ ಮುಂಚೆ ಮಾತ್ರ ಬಿಡಬೇಕು. ರಾಗಿಯಲ್ಲಿ ನಾರು ಜಾಸ್ತಿ. ನಾರು ಕರುಳಿನಲ್ಲಿ ನೀರು ಹಿಡಿದುಕೊಂಡು ಕೂರುತ್ತೆ. ಆ ಎರಡು ದಿನ ಬಿಳಿ ಅನ್ನ, ಮೊಟ್ಟೆ, ಮೊಸರು ತಿಂದರೆ ಕರುಳು ಹಗುರವಾಗಿ, ಉಪವಾಸ ಮಾಡದೆ ಒಂದಷ್ಟು ತೂಕ ಇಳಿಯುತ್ತೆ. ಉಳಿದ ದಿನ ಧಾರಾಳವಾಗಿ ಮುದ್ದೆ ಹಾಕಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಜೊತೆಗೆ ಹುರುಳಿಕಾಳಿನ ಬಸ್ಸಾರು. ಹುರುಳಿಯಲ್ಲಿ ನೂರಕ್ಕೆ ಸುಮಾರು 22 ಗ್ರಾಂ ಪ್ರೋಟೀನ್. ಯಾವ ಡಬ್ಬಿಯ ಪುಡಿಗೂ ಕಡಿಮೆಯಲ್ಲದ ಊಟ ನಿಮ್ಮ ಅಡುಗೆಮನೆಯಲ್ಲೇ ಇದೆ.

ತೂಕ ಇಳಿಸುವ ಹಳೇ ಪದ್ಧತಿಯನ್ನು ನೀವು ನೋಡಿದ್ದೀರೋ ಇಲ್ಲವೋ. ನಾನು ನೋಡಿದ್ದೇನೆ. ಒಂದು ಪಂದ್ಯದ ಹಿಂದಿನ ದಿನ, ಬಿಸಿಲಿನ ಹೊತ್ತು. ಛತ್ರದ ತಾರಸಿ ಮೇಲೆ ಒಬ್ಬ ಹುಡುಗ ಮೈಗೆ ಪ್ಲಾಸ್ಟಿಕ್ ಸುತ್ತಿಕೊಂಡು, ಮೇಲೆ ಸ್ವೆಟರ್, ಅದರ ಮೇಲೆ ಜರ್ಕಿನ್ ಹಾಕಿಕೊಂಡು ಓಡುತ್ತಿದ್ದ. ಕೈಯಲ್ಲಿ ಖಾಲಿ ಬಾಟಲಿ, ಅದಕ್ಕೆ ಉಗುಳುತ್ತಿದ್ದ. ಬಾಯಲ್ಲಿ ಉಗುಳೂ ಬರುತ್ತಿರಲಿಲ್ಲ. ತುಟಿ ಬಿಳಿಚಿ ಸಿಪ್ಪೆ ಎದ್ದಿತ್ತು. ಊರು ಯಾವುದಪ್ಪ ಅಂದೆ. ನಾಲಿಗೆ ಅಂಟಿಕೊಂಡು ಮಾತು ಹೊರಡಲಿಲ್ಲ. ತಕ್ಕಡಿ ಹತ್ತುವ ಮುಂಚೆ ಕೈಗೆ ಕಟ್ಟಿದ್ದ ದೇವರ ದಾರ ಕಿತ್ತ. ಆಮೇಲೆ ಸೊಂಟದ ಉಡುದಾರವನ್ನೂ ಬಿಚ್ಚಿಟ್ಟ. ಸುತ್ತ ನಿಂತ ದೊಡ್ಡವರು ಚಪ್ಪಾಳೆ ತಟ್ಟಿದರು. ರಾತ್ರಿ ಅವನನ್ನು ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ಎರಡು ಬಾಟ್ಲು ಗ್ಲೂಕೋಸ್ ಏರಿಸಿದರು.

ಎಂಎಂಎಯಲ್ಲಿ ಸಾಮಾನ್ಯವಾಗಿ ಪಂದ್ಯದ ಹಿಂದಿನ ದಿನವೇ ತೂಕ ನೋಡುತ್ತಾರೆ. ನೀರು ಇಳಿಸಿ ತಕ್ಕಡಿ ಹತ್ತಿ, ಒಂದು ದಿನದಲ್ಲಿ ಮತ್ತೆ ನೀರು ತುಂಬಿಕೊಂಡು, ತನಗಿಂತ ಚಿಕ್ಕವನ ಎದುರು ನಿಲ್ಲುವ ಆಸೆ. ಆ ಆಸೆ ಪ್ರಾಣ ತೆಗೆದಿದೆ. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೇ ಸತ್ತರು. 2015ರ ಡಿಸೆಂಬರ್‌ನಲ್ಲಿ ಚೀನಾದ ಎಂಎಂಎ ಫೈಟರ್ ಯಾಂಗ್ ಜಿಯಾನ್ ಬಿಂಗ್ ಸತ್ತರು, ಅವರಿಗಿನ್ನೂ 21. ಅದಾದ ಮೇಲೆ ಪಂದ್ಯ ನಡೆಸುವ ಒನ್ ಚಾಂಪಿಯನ್‌ಶಿಪ್ ಸಂಸ್ಥೆ ನೀರು ಇಳಿಸುವುದನ್ನೇ ನಿಷೇಧಿಸಿತು. ತಕ್ಕಡಿಯ ಜೊತೆಗೆ ಮೂತ್ರ ಪರೀಕ್ಷೆಯನ್ನೂ ತಂದಿತು. ಮೈಯಲ್ಲಿ ನೀರು ಸಾಲದೆ ಮೂತ್ರ ಗಟ್ಟಿಯಾಗಿದ್ದರೆ ತೂಕ ಸರಿಯಿದ್ದರೂ ಪಾಸಿರಲಿಲ್ಲ. 2024ರ ಆಗಸ್ಟ್ 7ರಂದು ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ ಬರೀ 100 ಗ್ರಾಂಗೆ ಒಲಿಂಪಿಕ್ ಫೈನಲ್ ಕಳೆದುಕೊಂಡಾಗ ಇಡೀ ದೇಶ ಅತ್ತಿತು. ಹಿಂದಿನ ರಾತ್ರಿಯೆಲ್ಲ ಬೆವರಿಳಿಸಿ, ಕೂದಲನ್ನೂ ಕತ್ತರಿಸಿದ್ದರು. ಅತ್ತವರಲ್ಲಿ ಎಷ್ಟು ಜನ ನಮ್ಮ ತಾಲ್ಲೂಕಿನ ಪಂದ್ಯಗಳ ತಕ್ಕಡಿ ಹತ್ತಿರ ಹೋಗಿ ನೋಡಿದರು?

ಆ ಗ್ಲೂಕೋಸ್ ಬಾಟ್ಲಿನ ಬಗ್ಗೆಯೂ ಹೇಳಬೇಕು. ನಮ್ಮ ಕಡೆ ಸುಸ್ತು ಅಂದರೆ ಬಾಟ್ಲು, ಜ್ವರ ಅಂದರೆ ಬಾಟ್ಲು. ಹನ್ನೆರಡು ಗಂಟೆಯಲ್ಲಿ 100 ಮಿಲಿಲೀಟರ್‌ಗಿಂತ ಜಾಸ್ತಿ ನರದ ಮೂಲಕ ಏರಿಸಿಕೊಂಡರೆ ಅಂತರರಾಷ್ಟ್ರೀಯ ಉದ್ದೀಪನ ಮದ್ದು ನಿಯಮದ ಪ್ರಕಾರ ತಪ್ಪು. ಆಸ್ಪತ್ರೆಯ ಚಿಕಿತ್ಸೆಯ ಭಾಗವಾಗಿದ್ದರೆ ಬೇರೆ ಮಾತು. ನೀರು ತುಂಬಿಕೊಳ್ಳಲು ಬಾಯಿ ಇದೆ, ಓಆರ್‌ಎಸ್ ಇದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಬಾಟ್ಲುಗಳು ಮುಗಿದಾಗ ಡಾ. ದಿಲೀಪ್ ಮಹಲನಬೀಸ್ ಉಪ್ಪು, ಗ್ಲೂಕೋಸ್ ಕಲಸಿದ ನೀರು ಕುಡಿಸಿ ಸಾವಿರಾರು ಜೀವ ಉಳಿಸಿದರು. ನಮ್ಮ ದೇಶದ ವೈದ್ಯರೇ ತೋರಿಸಿಕೊಟ್ಟ ದಾರಿ ಇದು, ಅದೂ ಕೆಲವೇ ರೂಪಾಯಿಯದು. ನಾವು ಸೂಜಿಯನ್ನೇ ನಂಬುತ್ತೇವೆ.

ಮೇಷ್ಟ್ರೇ, ನೀವು ವಿಜ್ಞಾನ ಹೊರಗಿನದು ಎಂಬಂತೆ ಬರೆದಿದ್ದೀರಿ. ಇದು ನನಗೆ ಬೇಸರ ತಂದ ಮಾತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಹೆಚ್. ನರಸಿಂಹಯ್ಯನವರು ಯಾರು? ಓದುವ ಆಸೆಗೆ ಊರಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದ ಹುಡುಗ. ಭೌತಶಾಸ್ತ್ರದ ಮೇಷ್ಟ್ರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, 1976ರಲ್ಲಿ ಪವಾಡಗಳನ್ನೇ ಪರೀಕ್ಷೆ ಮಾಡಲು ಸಮಿತಿ ಕೂರಿಸಿದವರು. ದೊಡ್ಡವರು ಹೇಳಿದರು ಅಂತ ಒಪ್ಪದೆ ಕೇಳುವುದು ನಮ್ಮ ಮಣ್ಣಿನಲ್ಲೇ ಇದೆ. ವಸ್ತಾದರಿಗೂ ಆ ಪ್ರಶ್ನೆ ಹಾಕಿದರೆ ಅಗೌರವ ಹೇಗಾಗುತ್ತೆ?

ಇಷ್ಟಕ್ಕೂ ತಡ್ಕೋ ಅನ್ನುವ ಮಾತು ಗರಡಿಯಲ್ಲಿ ಮಾತ್ರ ಇಲ್ಲ. ತಲೆನೋವು ಅಂದ ಹುಡುಗಿಗೆ ತಡ್ಕೋ. ಬೆನ್ನು ಬಿದ್ದುಹೋದ ರೇಷ್ಮೆ ಕೆಲಸದವಳಿಗೆ ತಡ್ಕೋ. ಪರೀಕ್ಷೆಗೆ ರಾತ್ರಿಯೆಲ್ಲ ಕೂತ ಮಗುವಿಗೆ ತಡ್ಕೋ. ನಿದ್ದೆಗೆಟ್ಟರೆ ಕಲಿತದ್ದೂ ನಿಲ್ಲಲ್ಲ, ಸವೆದ ಸ್ನಾಯುವೂ ಕೂಡಲ್ಲ. ಇದನ್ನು ಶಾಲೆಯಲ್ಲಿ ಹೇಳಿಕೊಡಬೇಕಾದ ಪೀರಿಯಡ್ ನಿಮ್ಮದು. ನಿಮ್ಮ ಪೀರಿಯಡ್ಡಿಗೆ ಏನಾಯಿತು? ಎಸ್ಸೆಸ್ಸೆಲ್ಸಿ ಬಂತು ಅಂದರೆ ಗಣಿತದವರು ಅದನ್ನು ಕಿತ್ತುಕೊಂಡರು. ಎಷ್ಟೋ ಖಾಸಗಿ ಶಾಲೆಗೆ ಮೈದಾನವೇ ಇಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯಾಗಿದ್ದು 2007ರಲ್ಲಿ. ಇವತ್ತಿಗೂ ಹಳ್ಳಿ ಹುಡುಗನ ಮಂಡಿ ತಿರುಚಿದರೆ ಎಣ್ಣೆ ನೀವುತ್ತಾರೆ, ಇಲ್ಲವೇ ಬೆಂಗಳೂರಿನ ಬಸ್ಸು ಹತ್ತಿಸುತ್ತಾರೆ. ನಡುವೆ ಏನೂ ಇಲ್ಲ. ಆ ಖಾಲಿ ಜಾಗಕ್ಕೆ ಲೇಬಲ್ ಸರಿಯಿಲ್ಲದ ಡಬ್ಬಿಗಳು ನುಗ್ಗಿವೆ. ಹುಡುಗರು ಅಪ್ಪನ ಹಾಲಿನ ಬಟವಾಡೆ ದುಡ್ಡು ಕೊಟ್ಟು ಒಳಗೇನಿದೆ ಅಂತ ಗೊತ್ತಿಲ್ಲದ ಪುಡಿ ಕುಡಿಯುತ್ತಿದ್ದಾರೆ. ನಿಮ್ಮ ಸಿಟ್ಟು ಇತ್ತ ತಿರುಗಲಿ. ಇದಕ್ಕೆ ನಿಮ್ಮಂಥವರ ದನಿ ಬೇಕು.

ಕೊನೆಗೆ ನಿಮ್ಮ ಪ್ರಶ್ನೆ, ಬಿಡಿಸಲೇ ಅಂತ. ಬೇಡ. ಈ ಭಾನುವಾರ ಮೊಮ್ಮಗನ ಜೊತೆ ಜಿಮ್‌ಗೆ ಹೋಗಿ. ಅವನ ಈಗಿನ ತೂಕಕ್ಕೂ ಪಂದ್ಯದ ತೂಕಕ್ಕೂ ಎಷ್ಟು ವ್ಯತ್ಯಾಸ, ಅದನ್ನು ಎಷ್ಟು ವಾರದಲ್ಲಿ ಇಳಿಸುತ್ತೀರಿ ಅಂತ ಕೋಚ್‌ನ ಕೇಳಿ. ಕೊನೆಯ ಎರಡು ದಿನದಲ್ಲಿ ನೀರು ಬಿಡಿಸಿ ಇಳಿಸುತ್ತೇವೆ ಅಂದರೆ ಆ ತೂಕದ ವಿಭಾಗವೇ ಬೇಡ, ಒಂದು ಮೇಲಿನದರಲ್ಲಿ ಆಡಲಿ. ಆಮೇಲೆ ಇನ್ನೊಂದು ಕೇಳಿ. ಸ್ಪಾರಿಂಗ್‌ನಲ್ಲಿ ತಲೆಗೆ ಬಿದ್ದು ಮಂಪರು ಬಂದರೆ ಏನು ಮಾಡುತ್ತೀರಿ? ಅವತ್ತು ಮತ್ತೆ ಮ್ಯಾಟ್ ಹತ್ತಿಸಲ್ಲ, ಡಾಕ್ಟರು ನೋಡಿದ ಮೇಲೆ ಹಂತಹಂತವಾಗಿ ವಾಪಸು ಕರೆಯುತ್ತೇವೆ ಅಂದರೆ ಧೈರ್ಯವಾಗಿ ಬಿಟ್ಟು ಬನ್ನಿ. ಸ್ವಲ್ಪ ನೀರು ಚಿಮುಕಿಸಿ ಎಬ್ಬಿಸುತ್ತೇವೆ ಅಂದರೆ ಹುಡುಗನನ್ನು ಆಗಲೇ ಮನೆಗೆ ಕರೆದುಕೊಂಡು ಬನ್ನಿ, ಬೇರೆ ಜಿಮ್ ಹುಡುಕೋಣ. ಹುಡುಕಲು ನಾನೂ ಬರುತ್ತೇನೆ.